ಟಾಪು ಬಿಚ್ಚದ ಕಾರು

ಇದನ್ನು ಬರೆಯಲು ಹಲವು ಸಲ ಕುಳಿತಿದ್ದೇನೆ. ಎರಡು ಸಾಲು ಬರೆಯುವಷ್ಟರಲ್ಲಿ ನೀರು ಕುಡಿಯುವ ನೆಪದಲ್ಲಿ ಏಳುತ್ತೇನೆ, ಅಂಗಳಕ್ಕೆ ಹೋಗುತ್ತೇನೆ, ಮತ್ತೆ ಬಂದು ಕೂರುವುದಿಲ್ಲ. ಮನೆಯವರಿಗೂ ಹೇಳಿಲ್ಲ. ಇವತ್ತು ಬಾಗಿಲು ಹಾಕಿಕೊಂಡು ಕುಳಿತಿದ್ದೇನೆ, ಮುಗಿಸಿಯೇ ಏಳಬೇಕು.

ಕೊರೊನಾ ಮುಗಿದು ವ್ಯವಹಾರಗಳೆಲ್ಲ ಮೊದಲಿನಂತಾಗಿದ್ದ ವರ್ಷದ ಮಾತು. ನಾನು ತಿಕೋಟಾದಲ್ಲಿ ಒಬ್ಬ ಸಾವಕಾರರ ಒಣದ್ರಾಕ್ಷಿ ಶೆಡ್ಡು ನೋಡಿಕೊಳ್ಳುತ್ತಿದ್ದೆ. ಹತ್ತನೆಯ ತರಗತಿ ಪಾಸಾದವನು, ವಯಸ್ಸಾದವನು ಎಂದು ಚಾವಿಗಳೆಲ್ಲ ನನ್ನ ಕೈಯಲ್ಲಿದ್ದವು. ಸಾವಕಾರರು ವಿಜಯಪುರದಲ್ಲಿದ್ದು ಆಗಾಗ ಬಂದುಹೋಗುತ್ತಿದ್ದರು. ಶೆಡ್ಡಿನ ಪಕ್ಕದ ಕೋಣೆಯಲ್ಲಿ ಅವರ ತಂದೆ ಕೊಲ್ಲಾಪುರದ ಕಡೆಯಿಂದ ತಂದಿದ್ದ ಹಳೆಯ ವಿಲಾಯತಿ ಕಾರು ನಿಂತಿರುತ್ತಿತ್ತು. ಕೆಂಪು ಬಣ್ಣ, ಎರಡೇ ಸೀಟು, ನೆಲಕ್ಕೆ ಹೊಟ್ಟೆ ಹಚ್ಚಿದಂತೆ ತಗ್ಗು. ಅದು ತೆರೆದ ಕಾರು. ಬೇಕಾದಾಗ ಮೇಲೆ ಕೂರಿಸಿ, ಬೇಡವಾದಾಗ ಬಿಚ್ಚಿಡುವ ಗಟ್ಟಿ ತಗಡಿನ ಟಾಪು ಅದಕ್ಕಿತ್ತು. ಬಹಳ ವರ್ಷಗಳಿಂದ ಯಾರೂ ಬಿಚ್ಚಿರಲಿಲ್ಲ.

ಅದರ ಹಿಂದಿನ ಸುಗ್ಗಿಯಲ್ಲಿ ನಾನೊಂದು ಕೆಲಸ ಮಾಡಿದ್ದೆ. ಒಣಗಿದ ದ್ರಾಕ್ಷಿಗೆ ಹಳದಿ ಬಣ್ಣ ಬರಲೆಂದು ಮುಚ್ಚಿದ ಕೋಣೆಯಲ್ಲಿಟ್ಟು ಗಂಧಕ ಸುಟ್ಟು ಹೊಗೆ ಕೊಡುತ್ತೇವೆ. ನಮ್ಮ ಹೊಗೆ ಕೋಣೆಯ ಬಾಗಿಲು ಮುರಿದಿತ್ತು. ರಿಪೇರಿ ಮಾಡಿಸು ಎಂದು ಸಾವಕಾರರು ಹೇಳಿಹೋಗಿದ್ದರೂ ನಾನು ಇವತ್ತು ನಾಳೆ ಎಂದು ದಿನ ತಳ್ಳಿದೆ. ಅಷ್ಟರಲ್ಲಿ ಮಾಲು ಒಯ್ಯಲು ಲಾರಿ ಬರುವ ದಿನ ಬಂತು. ಕಾರಿನ ಕೋಣೆಯ ಬಾಗಿಲು ಬಿಗಿಯಾಗಿ ಕೂರುತ್ತಿತ್ತು. ರಾತ್ರಿ ಎಲ್ಲರೂ ಮನೆಗೆ ಹೋದ ಮೇಲೆ ಬ್ಯಾಟರಿ ಇಳಿದ ಕಾರನ್ನು ಒಬ್ಬನೇ ಹೊರಗೆ ದೂಡಲು ನೋಡಿದೆ, ಆಗಲಿಲ್ಲ. ಅದಕ್ಕೆ ತಾಡಪಾಲು ಹೊದಿಸಿ, ಸುತ್ತಲೂ ದ್ರಾಕ್ಷಿಯ ಕ್ರೇಟು ಪೇರಿಸಿ, ಒಂದು ತಗಡಿನಲ್ಲಿ ಕೆಂಡ ಇಟ್ಟು, ಅದರ ಮೇಲೆ ಗಂಧಕ ಹಾಕಿ ಬಾಗಿಲು ಎಳೆದುಕೊಂಡೆ. ಮಾಲಿಗೆ ಒಳ್ಳೆಯ ಬಣ್ಣ ಬಂತು, ಸಾವಕಾರರು ಮೆಚ್ಚಿದರು. ಆ ಹೊಗೆ ಕಬ್ಬಿಣ ತಿನ್ನುತ್ತದೆಂದು ನನಗೆ ಗೊತ್ತಿತ್ತು. ಹೊಗೆ ಕೋಣೆಯ ಕೊಂಡಿ, ಮೊಳೆಗಳು ಉದುರುವುದನ್ನು ಎಷ್ಟೋ ಸಲ ಕಂಡಿದ್ದೆ. ತಾಡಪಾಲು ಇದೆಯಲ್ಲ ಎಂದುಕೊಂಡೆ. ಮಳೆಗಾಲ ಮುಗಿಯುವವರೆಗೆ ಅದನ್ನು ತೆಗೆದು ನೋಡಲೂ ಇಲ್ಲ.

ಶೆಡ್ಡಿನಲ್ಲಿ ದ್ರಾಕ್ಷಿ ಆರಿಸುವ ಹೆಣ್ಣುಮಕ್ಕಳಿಗೆ ಹಿರಿಯರಾಗಿ ಒಬ್ಬ ಹೆಂಗಸಿದ್ದರು, ಎಲ್ಲರೂ ಅವರನ್ನು ಬಾಯಿ ಎಂದೇ ಕರೆಯುತ್ತಿದ್ದರು. ಬೌದ್ಧ ದೀಕ್ಷೆ ಪಡೆದ ದಲಿತರ ಮನೆಯವರು, ದಿನಾ ಬಬಲೇಶ್ವರದಿಂದ ಬಂದುಹೋಗುತ್ತಿದ್ದರು. ಗಂಡ ಬೇಗ ತೀರಿಕೊಂಡಿದ್ದ. ಕೂಲಿ ಮಾಡಿಯೇ ಮಗ ಮಿಲಿಂದನನ್ನು ಓದಿಸಿದ್ದರು. ಅವನು ಮಿಲಿಟರಿ ಸೇರಿದ್ದ. ಸಂಕ್ರಾಂತಿ ಮುಗಿದ ಮೇಲೆ ಒಂದು ದಿನ ಬಾಯಿ ನನ್ನ ಹತ್ತಿರ ಬಂದು ನಿಂತರು.

"ಅಣ್ಣಾರ, ನನ್ನ ಮಗಾ ಪೆನ್ಷನ್ ಮ್ಯಾಲೆ ಬರಾಕತ್ತಾನ್ರಿ. ಓಣಿ ಹುಡುಗ್ರು ಟೇಶನ್ದಿಂದ ಮೆರವಣಿಗಿ ಮಾಡ್ತೀವಿ ಅಂತಾರ. ಸಾವಕಾರ್ರಿಗೆ ಆ ಕೆಂಪ ಗಾಡಿ ಕೇಳ್ತೀರೇನು?"

"ಅದ್ಯಾಕ ಬೇ, ಜೀಪ ಸಿಗಂಗಿಲ್ಲೇನು?" ಎಂದೆ.

"ಜೀಪ ಎಲ್ಲಾರಿಗೂ ಸಿಗ್ತಾವ್ರಿ. ನನ್ನ ಲಗ್ನಕ್ಕ ಬಂಡೀನೂ ಇರ್ಲಿಲ್ಲ, ಗಂಡನ ಊರಿಗೆ ನಡಕೋತ ಬಂದಾಕಿ ನಾ. ಅಂವ ಆ ಕಾರನ್ಯಾಗ ಕುಂತು ಊರಾಗ ಬರೂದು ಒಮ್ಮೆ ನೋಡ್ಬೇಕು ಅಂತ ಆಸೆರಿ."

ನಾನೇ ಫೋನ್ ಮಾಡಿದೆ. ಸಾವಕಾರರು ಒಪ್ಪಿಕೊಂಡರು. "ದೇಶಾ ಕಾಯ್ದಾಂವಗ ಕೊಡ್ಲಿಲ್ಲಂದ್ರ ಮತ್ಯಾರಿಗೆ ಕೊಡೂದೋ? ಟಾಪು ಬಿಚ್ಚಿಸಿ ತಯಾರ ಮಾಡು," ಎಂದರು. ಬಾಯಿ ಆ ದಿನ ಕೆಲಸದ ಹೆಣ್ಣುಮಕ್ಕಳಿಗೆಲ್ಲ ಬೆಲ್ಲ ಹಂಚಿದರು.

ಮೆರವಣಿಗೆಯ ಹಿಂದಿನ ದಿನ ಮುಂಜಾನೆ ವಿಜಯಪುರದಿಂದ ದಸ್ತಗೀರ್ ಮೇಸ್ತ್ರಿ ಬಂದ. ಮುಂದಿನ ಗಾಜಿನ ಮೇಲಿದ್ದ ಎರಡು ಕ್ಲಾಂಪುಗಳನ್ನು ಸುತ್ತಿಗೆಯಿಂದ ತಟ್ಟಿ ಬಿಡಿಸಿದ. ಹಿಂದಿನ ಬೋಲ್ಟುಗಳು ಮಾತ್ರ ತಿರುಗಲೇ ಇಲ್ಲ. ಪಾನಾ ಹಾಕಿದರೆ ಜಾರುತ್ತಿತ್ತು. ಡೀಸೆಲ್ ಸುರಿದು ಕಾಯ್ದೆವು. ಹಮಾಲಿ ಭೀಮ್ಶಿ ಒಣಹಾಕುವ ಮುಂಚೆ ದ್ರಾಕ್ಷಿ ಅದ್ದುವ ಎಣ್ಣೆಯನ್ನೇ ತಂದು ಸುರಿದ. ಇಬ್ಬರು ಹಮಾಲರು ಒಂದೊಂದು ಬದಿ ಹಿಡಿದು ಎತ್ತಿದರೆ ಟಾಪಿನೊಂದಿಗೆ ಕಾರೇ ಮೇಲೇಳುತ್ತಿತ್ತು.

"ಈ ಟಾಪು ನಮ್ಮ ಸಾವಕಾರ್ಕಿಂತಾ ಜಿಗಟ ಐತಿ," ಎಂದ ಭೀಮ್ಶಿ.

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ನಿಂತಲ್ಲಿ ನಿಲ್ಲಲು ಆಗುತ್ತಿರಲಿಲ್ಲ. ಕೋಣೆಯಿಂದ ಹೊರಗೆ, ಹೊರಗಿನಿಂದ ಒಳಗೆ ಸುಮ್ಮನೆ ತಿರುಗುತ್ತಿದ್ದೆ. ಬಾಯಿ ದ್ರಾಕ್ಷಿ ಆರಿಸುತ್ತಲೇ ಆಗಾಗ ಕತ್ತೆತ್ತಿ ಈ ಕಡೆ ನೋಡುತ್ತಿದ್ದರು.

ಮಧ್ಯಾಹ್ನ ಸಾವಕಾರರು ಬಂದರು. ದಸ್ತಗೀರ್ ಬೋಲ್ಟಿನ ಮೇಲಿನ ಪದರು ಕೆರೆದು, ಕಾರಿನ ಕೆಳಗೆ ಕೈಹಾಕಿ ಒಂದು ಸುಟ್ಟ ತಗಡು ಎಳೆದ. ಅದರ ಅಂಚಿಗೆ ಹಳದಿ ಇನ್ನೂ ಅಂಟಿಕೊಂಡಿತ್ತು. "ಇಲ್ಲಿ ಗಂಧಕಾ ಸುಟ್ಟಾರ್ರಿ ಸಾವಕಾರ್ರ. ಬೋಲ್ಟು ಎಲ್ಲಾ ತಿಂದೈತಿ," ಎಂದ.

ಸಾವಕಾರರ ಮುಖ ಬದಲಾಯಿತು. "ಯಾರು ಸುಟ್ಟವ್ರು?"

ನನ್ನ ಕೆಲಸ ಹೋಗುತ್ತದೆ, ಈ ವಯಸ್ಸಿನಲ್ಲಿ ಯಾರು ನನ್ನ ಕೈಗೆ ಚಾವಿ ಕೊಡುತ್ತಾರೆ ಎಂಬುದೊಂದೇ ತಲೆಯಲ್ಲಿತ್ತು. ಬಾಯಿಯ ಹೆಸರು ತಾನಾಗಿಯೇ ನನ್ನ ನಾಲಿಗೆಗೆ ಬಂತು ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಸುಳ್ಳು. ಯಾರ ಹೆಸರು ಹೇಳಿದರೆ ಸಾವಕಾರರು ತಿರುಗಿ ಕೇಳದೆ ನಂಬುತ್ತಾರೆ ಎಂದು ಒಂದು ಗಳಿಗೆ ಯೋಚಿಸಿಯೇ ಹೇಳಿದೆ.

"ಊಟದ ಡಬ್ಬಿ ಇಡಾಕಂತ ಬಾಯಿ ಚಾವಿ ಇಸಗೊಂಡಿದ್ಲ್ರಿ. ಹೊಗೀನೂ ಆಕೀನ ಹಾಕಿರಬೇಕು."

ಬಾಯಿ ಎದ್ದು ಬಂದರು. "ನಾ ಹಾಕಿಲ್ರಿ ಸಾವಕಾರ್ರ," ಎಂದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ಅಣ್ಣಾರ, ಚಾವಿ ನಿಮ್ಮ ಉಡದಾರದಾಗನ ಇರ್ತಿತ್ತಲ್ರಿ. ನೀವರ ಖರೇ ಹೇಳ್ರಿ," ಎಂದರು.

ನಾನು ಆ ಸುಟ್ಟ ತಗಡನ್ನು ನೋಡುತ್ತ ನಿಂತೆ.

"ನಮ್ಮಪ್ಪನ ಗಾಡಿ ಹಾಳ ಮಾಡಿ, ಅದ ಗಾಡಿ ಮಗನ ಮೆರವಣಿಗಿಗೆ ಕೇಳ್ತೀಯಲ್ಲ, ನಾಚಿಕಿ ಬರ್ಲಿಲ್ಲೇನು?" ಎಂದರು ಸಾವಕಾರರು. "ಗಾಡಿನೂ ಇಲ್ಲ, ನಾಳಿಂದ ಕೆಲಸಾನೂ ಇಲ್ಲ."

ಹೆಣ್ಣುಮಕ್ಕಳೆಲ್ಲ ನೋಡುತ್ತಿದ್ದಂತೆ ಬಾಯಿ ತಮ್ಮ ಡಬ್ಬಿ ತೆಗೆದುಕೊಂಡು, ಸೆರಗು ಸರಿಮಾಡಿಕೊಂಡು ರಸ್ತೆಯ ಕಡೆ ನಡೆದರು. ಅವರು ಡಬ್ಬಿ ತೆಗೆದುಕೊಂಡದ್ದು ಎಂದಿನಂತೆ ಬೇವಿನ ಗಿಡದ ಕೆಳಗಿನಿಂದ, ಕೋಣೆಯಿಂದಲ್ಲ. ಅದನ್ನು ಯಾರೂ ಗಮನಿಸಲಿಲ್ಲ.

ಸಾವಕಾರರು ವಿಜಯಪುರಕ್ಕೆ ಮರಳಿದರು. ದಸ್ತಗೀರ್ ಮಾತ್ರ ಹಟ ಬಿಡಲಿಲ್ಲ. ಟಾಪಿಗೂ ಬಾಡಿಗೂ ಅಂಟಿಹೋಗಿದ್ದ ರಬ್ಬರನ್ನು ತೆಳ್ಳಗಿನ ತಂತಿಯಿಂದ ಗರಗಸದಂತೆ ಎಳೆದು ಕೊಯ್ದ. ಸಂದಿಯಲ್ಲಿ ಬ್ಲೇಡು ತೂರಿಸಿ ಬೋಲ್ಟುಗಳನ್ನು ಕತ್ತರಿಸಿದ. ಹೊತ್ತು ಇಳಿಯುವ ಮುಂಚೆ ನಾಲ್ವರೂ ಒಂದೊಂದು ಮೂಲೆ ಹಿಡಿದೆವು. ಒಣಗಿದ ಸಿಪ್ಪೆ ಬಿಟ್ಟಂತೆ ಸದ್ದು ಮಾಡಿ ಟಾಪು ಮೇಲೆದ್ದಿತು. ಅದನ್ನು ಗೋಡೆಗೆ ಒರಗಿಸಿ, ಕಾರನ್ನು ಅಂಗಳಕ್ಕೆ ದೂಡಿದೆವು. ಸೀಟಿನ ಮೇಲೆ ಸಂಜೆಯ ಬಿಸಿಲು ಬಿತ್ತು.

"ಸಾವಕಾರ್ರಿಗೆ ಫೋನ್ ಹಚ್ರಿ ಕಾಕಾ," ಎಂದ ದಸ್ತಗೀರ್. "ರಾತ್ರಿ ಬ್ಯಾಟರಿ ಚಾರ್ಜಿಗೆ ಇಡ್ತೀನಿ. ನಾಳಿ ಮೆರವಣಿಗಿಗೆ ಓಡತೈತಿ. ಪಾಪ, ಆ ಬಾಯಿ ಮಾರಿ ನೋಡಾಕ ಆಗ್ಲಿಲ್ಲ."

ಫೋನ್ ನನ್ನ ಕೈಯಲ್ಲೇ ಇತ್ತು. ಸಾವಕಾರರ ಮನಸ್ಸು ತಿರುಗಿಸಬೇಕಾದರೆ ನಿಜ ಹೇಳಬೇಕಾಗಿತ್ತು. "ನಾಳಿ ಮುಂಜಾನೆ ಮಾಡ್ತೀನಿ," ಎಂದು ಫೋನನ್ನು ಕಿಸೆಗೆ ಹಾಕಿದೆ.

ಮುಂಜಾನೆಯೂ ಮಾಡಲಿಲ್ಲ. ಶೆಡ್ಡಿನಲ್ಲಿ ಕೂರಲಾಗದೆ ವಿಜಯಪುರದ ಬಸ್ಸು ಹತ್ತಿದೆ. ಬಾಯಿಯ ಮುಂದೆ ನಿಂತು ತಪ್ಪಾಯಿತು ಎನ್ನಬೇಕು, ಆಮೇಲೆ ಸಾವಕಾರರ ಮನೆಗೆ ಹೋಗಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿದೆ. ರೈಲ್ವೆ ಸ್ಟೇಷನ್ನಿನ ಹೊರಗೆ ಹಲಗೆ ವಾದ್ಯ ಬಡಿಯುತ್ತಿದ್ದರು. ಒಂದು ಸಣ್ಣ ಗೂಡ್ಸ್ ಗಾಡಿಗೆ ಬಾಳೆಕಂಬ, ಧ್ವಜ ಕಟ್ಟಿ ನಡುವೆ ಪ್ಲಾಸ್ಟಿಕ್ ಕುರ್ಚಿ ಇಟ್ಟಿದ್ದರು. ಮಿಲಿಂದ ಯೂನಿಫಾರ್ಮಿನಲ್ಲಿ, ಕೊರಳ ತುಂಬ ಹಾರ ಹಾಕಿಕೊಂಡು ನಿಂತಿದ್ದ. ನಾನು ಕಬ್ಬಿನ ಹಾಲಿನ ಗಾಡಿಯ ಹಿಂದೆ ಸರಿದುಕೊಂಡೆ.

ಬಾಯಿ ನನ್ನನ್ನು ನೋಡಿಬಿಟ್ಟರು.

"ಅಲ್ಲ್ಯಾಕ ನಿಂತೀರಿ ಅಣ್ಣಾರ, ಬರ್ರಿ," ಎಂದು ಕರೆದು ಮಗನ ಮುಂದೆ ನಿಲ್ಲಿಸಿದರು. "ಇವ್ರು ನಮ್ಮ ಶೆಡ್ಡಿನ ಅಣ್ಣಾರು. ನಿನ್ನ ಸಲುವಾಗಿ ಸಾವಕಾರ್ರಿಗೆ ಕಾರ್ ಕೇಳಿದವ್ರು ಇವ್ರ."

ಆ ಹುಡುಗ ಅಷ್ಟೂ ಹಾರಗಳೊಂದಿಗೆ ಬಗ್ಗಿ ನನ್ನ ಕಾಲು ಮುಟ್ಟಿದ. ಹಿಂದೆ ಸರಿಯಬೇಕಿತ್ತು, ಸರಿಯಲಿಲ್ಲ. ತಲೆಯ ಮೇಲೆ ಕೈ ಇಟ್ಟೆ.

"ಕಾರ್ ಯಾಕ ಬರ್ಲಿಲ್ರಿ ಕಾಕಾ?" ಎಂದು ಅವನು ನಗುತ್ತಲೇ ಕೇಳಿದ.

ನನಗಿಂತ ಮೊದಲು ಬಾಯಿ ಉತ್ತರ ಕೊಟ್ಟರು. "ಟಾಪು ಬಿಚ್ಚಲಿಲ್ಲಂತಪಾ." ಹಾಗೆಂದು ನನ್ನ ಮುಖ ನೋಡಿದರು. ಅದರಲ್ಲಿ ಸಿಟ್ಟಿರಲಿಲ್ಲ. ಏನೋ ಹೇಳುತ್ತೇನೆಂದು ಕಾಯುತ್ತಿದ್ದರು.

"ಹೌದಪಾ, ಬಿಚ್ಚಲಿಲ್ಲ," ಎಂದೆ.

ಬಾಯಿ ಮುಖ ತಿರುಗಿಸಿಕೊಂಡರು. ಗೂಡ್ಸ್ ಗಾಡಿ ಬಬಲೇಶ್ವರದ ಕಡೆ ಹೊರಟಿತು. ಯಾರೋ ನನ್ನ ಕೈಗೆ ಪೇಢೆ ಇಟ್ಟಿದ್ದರು. ಅದನ್ನು ತಿನ್ನಲಾಗದೆ, ಚೆಲ್ಲಲಾಗದೆ ಬಸ್ ಸ್ಟ್ಯಾಂಡಿನವರೆಗೂ ಹಿಡಿದುಕೊಂಡು ನಡೆದೆ.

ಆಮೇಲೆ ಬಾಯಿ ಶೆಡ್ಡಿಗೆ ಬರಲಿಲ್ಲ. ಮುಂದಿನ ಸುಗ್ಗಿಗೆ ನಾನೂ ಮೊಣಕಾಲು ನೋವಿನ ನೆಪ ಹೇಳಿ ಚಾವಿ ಒಪ್ಪಿಸಿ ಬಂದೆ. ಸಾವಕಾರರು ಶಾಲು ಹೊದಿಸಿ ಕಳಿಸಿದರು. ಪ್ರಾಮಾಣಿಕ ಮನುಷ್ಯ ಎಂದು ನಾಲ್ಕು ಜನರ ಮುಂದೆ ಹೇಳಿದರು. ಆ ಶಾಲನ್ನು ಇದುವರೆಗೆ ಹೊದ್ದಿಲ್ಲ.

ಬಬಲೇಶ್ವರಕ್ಕೆ ಹೋಗಬೇಕೆಂದು ಹೊರಡುತ್ತೇನೆ. ಒಮ್ಮೆ ದಾರಿಯ ನಡುವೆ ತೊರವಿಯಲ್ಲೇ ಇಳಿದು ತಿರುಗಿ ಬಂದೆ. ಇನ್ನೊಮ್ಮೆ ಊರು ಮುಟ್ಟಿ, ಅವರ ಓಣಿ ಯಾವುದೆಂದು ಕೇಳಿ, ದಾರಿ ತೋರಿಸಿದವನಿಗೆ ನಮಸ್ಕಾರ ಹೇಳಿ ಅದೇ ಬಸ್ಸಿಗೆ ಹಿಂತಿರುಗಿದೆ. ಅವರು ಅಲ್ಲೇ ಇದ್ದಾರೆ, ಆರೋಗ್ಯವಾಗಿದ್ದಾರೆ ಎಂದು ಕೇಳಿದ್ದೇನೆ. ಸತ್ತವರ ಮುಂದೆ ಹೇಗೂ ಹೇಳಲಾಗುವುದಿಲ್ಲ ಎಂದು ಮನಸ್ಸಿಗೆ ಸಮಾಧಾನ ಮಾಡಿಕೊಳ್ಳಬಹುದಿತ್ತು, ಆ ದಾರಿಯೂ ನನಗಿಲ್ಲ. ಅಲ್ಲಿ ಹೋಗಿ ಹೇಳಲಾಗದ ಮಾತನ್ನು ಓದುವ ಎಲ್ಲರ ಮುಂದೆ ಹೇಳುತ್ತಿದ್ದೇನೆ: ಗಂಧಕ ಸುಟ್ಟವನು ನಾನು. ಮಗನ ಮೆರವಣಿಗೆಯ ಹಿಂದಿನ ದಿನ, ಹತ್ತು ಜನರ ಎದುರು ನಾನು ತಪ್ಪಿತಸ್ಥೆಯನ್ನಾಗಿ ಮಾಡಿದ ತಾಯಿಯ ಹೆಸರು ಶೇವಂತಾಬಾಯಿ.