ಫ್ಲಾಪಿಗೆ ಇಟ್ಟ ಕುಂಕುಮ

ಉಚ್ಚಂಗಮ್ಮನವರನ್ನು ನಾನು ಮೊದಲು ಕಂಡದ್ದು 1988ರ ವಿಜಯದಶಮಿಯ ಮರುದಿನ, ನಾನು ಓದುತ್ತಿದ್ದ ಹೊನ್ನಾಳಿಯ ಕಾಲೇಜಿನ ಗ್ರಂಥಾಲಯದಲ್ಲಿ. ಆಕೆ ತೆರೆದ ಬೀರುವಿನ ಮುಂದೆ ಕಲ್ಲಿನಂತೆ ನಿಂತಿದ್ದರು.

ಜಗಳೂರು ಕಡೆಯ ಹೆಣ್ಣುಮಗಳು. ಆರು ವರ್ಷದಿಂದ ಹಂಗಾಮಿ ಸಹಾಯಕಿ. ಶಿವಮೊಗ್ಗದಲ್ಲಿ ಮೂರು ವಾರ ಕಂಪ್ಯೂಟರ್ ಕಲಿತು ಬಂದು, ಐದು ತಿಂಗಳು ಕೂತು ನಾಲ್ಕು ಸಾವಿರ ಪುಸ್ತಕಗಳ ಪಟ್ಟಿಯನ್ನು ಒಂದು ಫ್ಲಾಪಿಗೆ ಇಳಿಸಿದ್ದರು. ಅಂದು ಮೂರು ಗಂಟೆಗೆ ಆಡಳಿತ ಮಂಡಳಿಯವರು ಬರುವವರಿದ್ದರು. ಕೇಳಿದ ಪುಸ್ತಕ ಯಾವ ಕಪಾಟಿನಲ್ಲಿದೆಯೆಂದು ಯಂತ್ರ ತೋರಿಸಿದರೆ ಕೆಲಸ ಕಾಯಂ. ಇಲ್ಲವಾದರೆ ಆ ಜಾಗಕ್ಕೆ ಬೇರೊಬ್ಬರು ಕಾದಿದ್ದರು.

ಆಯುಧಪೂಜೆಯ ದಿನ ಜವಾನ ಜುಂಜಪ್ಪ ಬೀರು, ಟೈಪ್‌ರೈಟರು, ಕಂಪ್ಯೂಟರು ಎಲ್ಲಕ್ಕೂ ವಿಭೂತಿ ಎಳೆದು ಕುಂಕುಮ ಇಟ್ಟಿದ್ದ; ಫ್ಲಾಪಿಯನ್ನೂ ಬಿಟ್ಟಿರಲಿಲ್ಲ. ಹೊದಿಕೆಯೊಳಗಿನ ದಾಖಲೆಯ ತಟ್ಟೆ ಇಣುಕುವ ಸೀಳಿನಲ್ಲೇ ಕುಂಕುಮ ಒಣಗಿ ಅಂಟಿತ್ತು.

"ಎಲ್ಲಾ ಪುಸ್ತಕದ ಜೀವ ಇದ್ರಾಗೇ ಐತೆ ಅಂತ ನೀವೇ ಹೇಳಿದ್ರಲ್ಲಕ್ಕ? ಅದಕ್ಕೇ ಒಂದು ಬೊಟ್ಟು ಜಾಸ್ತಿ ಇಟ್ಟೆ," ಎಂದ ಜುಂಜಪ್ಪ.

"ಪುಣ್ಯಾತ್ಮ, ಇದರ ಮ್ಯಾಲೆ ಕಾಯಿ ಒಡೀಲಿಲ್ವಲ್ಲ!" ಎಂದರು ಉಚ್ಚಂಗಮ್ಮ.

ಪ್ರಿನ್ಸಿಪಾಲ್ ಮುರುಗೇಶಪ್ಪನವರು ಬೆವರುತ್ತ ಬಂದರು. "ಬಟ್ಟೇಲಿ ಒರೆಸಿ ಒಳಗೆ ಹಾಕಮ್ಮ."

"ಒರೆಸಿದ್ರೆ ಗೀರು ಬೀಳ್ತೈತೆ ಸಾರ್. ಹಂಗೇ ಹಾಕಿದ್ರೆ ಮಿಷಿನ್ನೂ ಕೆಡ್ತೈತೆ."

"ಹಾಕು ಅಂತ ನಾನು ಹೇಳ್ತಿದೀನಿ!"

"ನೀವು ಹೇಳಿದ್ರೂ ಹಾಕಾಕೆ ಆಗಲ್ಲ ಸಾರ್. ಇದರ ಕಾಪಿ ನ್ಯಾಮತಿಲಿ ನಮ್ಮಕ್ಕನ ಮನೇಲಿ ಐತೆ. ಹೋಗಿ ಬರ್ತೀನಿ."

ನಕಲನ್ನು ಬೇರೆ ಕಟ್ಟಡದಲ್ಲಿಡಿ ಎಂದು ಶಿವಮೊಗ್ಗದಲ್ಲಿ ಕಲಿಸಿದ್ದರು. ಆಕೆ ಬೇರೆ ಊರಲ್ಲೇ ಇಟ್ಟಿದ್ದರು. ಆಗಲೇ ಹನ್ನೆರಡೂವರೆ. ಬಸ್ಸು ಕೈ ತೋರಿಸಿದಲ್ಲೆಲ್ಲ ನಿಂತಿತು. ಅಕ್ಕನೂ ಪೂಜೆ ಮಾಡಿಬಿಟ್ಟಿದ್ದರೆ ಎಂಬ ಯೋಚನೆ ದಾರಿಯುದ್ದಕ್ಕೂ ಆಕೆಯನ್ನು ಕಾಡಿತಂತೆ.

ಇದಕ್ಕೇನೂ ಪೂಜೆ ಮಾಡಿಲ್ಲ ತಾನೇ ಎಂದು ಕೇಳಿದ್ದಕ್ಕೆ ಅಕ್ಕ ಕೊಟ್ರಮ್ಮ ಸೀರೆಗಳ ಅಡಿಯಿಂದ ಅದನ್ನು ಎಳೆದುಕೊಟ್ಟರು. "ಇದಕ್ಕೂ ಪೂಜೆನೇನೆ? ನಾನು ಯಾವ್ದೋ ರಟ್ಟು ಅಂದ್ಕೊಂಡಿದ್ದೆ!"

ಉಚ್ಚಂಗಮ್ಮ ಮರಳಿದಾಗ ಮೂರೂಕಾಲು ಗಂಟೆ. ಮಂಡಳಿಯವರು ಗಡಿಯಾರ ನೋಡುತ್ತ ಕುಳಿತಿದ್ದರು. ಆಕೆ ಕೂರುವ ಮೊದಲೇ ಹೇಳಿಬಿಟ್ಟರು: "ಇದು ಹೋದ ತಿಂಗಳ ಕಾಪಿ. ಕಡೇ ಮುನ್ನೂರು ಪುಸ್ತಕ ಇದರಾಗಿಲ್ಲ."

ಮುರುಗೇಶಪ್ಪನವರು ಕಣ್ಣು ಮುಚ್ಚಿಕೊಂಡರು. ಹಿರಿಯ ಸದಸ್ಯರೊಬ್ಬರು ಕೃಷಿಯ ಪುಸ್ತಕವೊಂದರ ಹೆಸರು ಹೇಳಿದರು. ಯಂತ್ರ ಗರಗರ ಎಂದಿತು. ಬಹಳ ಹೊತ್ತು ಏನೂ ಮೂಡಲಿಲ್ಲ. ಕೊನೆಗೆ ಹಸಿರು ಅಕ್ಷರದಲ್ಲಿ ಕಪಾಟಿನ ಸಂಖ್ಯೆ ಬಂತು. ಪುಸ್ತಕ ಅಲ್ಲೇ ಇತ್ತು. ಉಳಿದದ್ದನ್ನು ಸೇರಿಸಲು ಒಂದು ತಿಂಗಳ ಗಡುವು ಕೊಟ್ಟರು. ಯುಗಾದಿಯ ಹೊತ್ತಿಗೆ ಕಾಯಮಾತಿಯ ಆದೇಶ ಕೈಸೇರಿತು.

ಈಗ ಆಕೆ ನಿವೃತ್ತರು. ನ್ಯಾಮತಿ ಬಳಿಯ ಶಾಲೆಯೊಂದರ ಹಳೆಯ ದಾಖಲಾತಿ ಪುಸ್ತಕಗಳನ್ನು ಲ್ಯಾಪ್‌ಟಾಪಿಗೆ ಏರಿಸುತ್ತಿದ್ದಾರೆ. ಈ ವಾರ 1961ನೇ ಇಸವಿಯ ಪುಸ್ತಕ ನಡೆದಿದೆ.