ಚನ್ನವೀರನ ಮಹಾಗನಿ ಮೇಜು

ರಾಚೆಸ್ಟರ್ ಹಿಲ್ಸ್‌ನ ಚನ್ನವೀರನ ಮನೆಗೆ ಊಟಕ್ಕೆ ಹೋದವರು ಅವನಿಗಿಂತ ಮೊದಲು ಅವನ ಮೇಜಿನ ಆರೋಗ್ಯವನ್ನು ವಿಚಾರಿಸಬೇಕಿತ್ತು. ಅದು ನೂರೈವತ್ತು ವರ್ಷ ಹಳೆಯ ಇಂಗ್ಲಿಷ್ ಮಹಾಗನಿ. ಡಿಯರ್‌ಬಾರ್ನ್‌ನಲ್ಲಿ ಹಗಲೆಲ್ಲ ಕಾರಿನ ಬಾಗಿಲುಗಳ ವಿನ್ಯಾಸ ಮಾಡಿ ಬಂದವನು, ಬೂಟು ಕಳಚುವ ಮೊದಲೇ ಅದರ ಮೇಲೆ ಅಂಗೈ ಆಡಿಸುತ್ತಿದ್ದ. ಚಳಿಗಾಲದಲ್ಲಿ ಹೀಟರಿನ ಒಣಗಾಳಿಗೆ ಮರ ಬಿರಿದೀತೆಂದು ಗಾಳಿಗೆ ತೇವ ಕೊಡುವ ಹ್ಯುಮಿಡಿಫೈಯರನ್ನು ಅದರ ಪಕ್ಕದಲ್ಲಿಟ್ಟು, ತಾನು ಒಣಕೆಮ್ಮು ಕೆಮ್ಮುತ್ತ ಮಲಗುತ್ತಿದ್ದ. ಒಂದು ಕಾಲು ಆಮೇಲೆ ಜೋಡಿಸಿದ್ದು, ಅಂಚಿನಲ್ಲಿ ಹಳೆಯ ಸೀಳು ಎಂದು ಅದರ ಊನಗಳನ್ನೆಲ್ಲ ಅತಿಥಿಗಳಿಗೆ ಒಪ್ಪಿಸುತ್ತಿದ್ದ. ಯಾರಾದರೂ ಲೋಟ ಇಡಹೋದರೆ, ಅದರಡಿಗೆ ಹಾಸುವ ಬಿಲ್ಲೆ ಹಿಡಿದು ಬಂದು, "ಏ, ತಡೀಪಾ, ಕೋಸ್ಟರ್ ಇಡ್ತೀನಿ! ಮೂರು ವರ್ಷಕ್ಕ ಬದಲಸಾಕ ಇದೇನ್ ನಿನ್ನ ಲೀಸ್ ಕಾರಲ್ಲ" ಎನ್ನುತ್ತಿದ್ದ. ನಮ್ಮ ಗೆಳೆಯರೆಲ್ಲರ ಮನೆಯ ಮೇಜುಗಳ ಮೇಲೆ ಬಿಸಿ ಲೋಟಗಳು ಮೂಡಿಸಿದ ಬಿಳಿ ಕಲೆಗಳನ್ನು ಬಟ್ಟೆ ಹಾಸಿ, ಇಸ್ತ್ರಿ ಆಡಿಸಿ, ಐದು ನಿಮಿಷದಲ್ಲಿ ತೆಗೆದುಕೊಟ್ಟವನೂ ಅವನೇ. ನನ್ನ ಹೆಂಡತಿ ತೀರಿಕೊಂಡ ವಾರ ನಾನು ಅವನ ಮೇಜಿನ ಮುಂದೆ ಕೂತು, ಬಿಸಿ ಚಹಾದ ಲೋಟವನ್ನು ಬರಿಯ ಮರದ ಮೇಲೇ ಇಟ್ಟು ಮರೆತಿದ್ದೆ. ಬಿಳಿ ಉಂಗುರ ಮೂಡಿತು. ಬೈಗುಳ ಬರಲಿಲ್ಲ, ಅವನು ನೋಡಿಲ್ಲವೆಂದುಕೊಂಡೆ. ಅಂದಿನಿಂದ ನನ್ನ ಜಾಗದಲ್ಲಿ ಮಾತ್ರ ಕೋಸ್ಟರ್ ಯಾವಾಗಲೂ ಮೊದಲೇ ಇರುತ್ತಿತ್ತು. ಅವನೂ ತೀರಿಕೊಂಡ ಮೇಲೆ, ಮೇಜನ್ನು ಪಾಲಿಶಿಗೆ ಕಳಿಸುವ ದಿನ, ಅವನ ಮಗಳು ಮೇಧಾ ಆ ಕೋಸ್ಟರನ್ನು ಎತ್ತಿದಳು. ಉಂಗುರ ಹಾಗೆಯೇ ಇತ್ತು. "ಅಂಕಲ್, ಇದನ್ನ ಮಾತ್ರ ತೆಗೆಸ್ಬೇಡ ಅಂತ ಡ್ಯಾಡ್ ಹೇಳಿದ್ರು. ದಿಸ್ ಒನ್ ಈಸ್ ಯುವರ್ಸ್, ಅಂತೆ." ಅವಳು ಕೊಟ್ಟ ಚಹಾವನ್ನು ನಾನು ಕೆಳಗಿಡದೆ, ಮುಗಿಯುವವರೆಗೂ ಕೈಯಲ್ಲೇ ಹಿಡಿದುಕೊಂಡು ಕುಡಿದೆ.