ಗೋವಿನಜೋಳದ ನೇರಳೆ ಪಟ್ಟಿಗಳು

ಜಮಖಂಡಿಯ ಕಾಲೇಜಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷ. ಯಾರ ದನಿ ಬೇಕಾದರೂ ಅನುಕರಿಸಿ ತೆಗೆಯುತ್ತಿದ್ದೆ. ನನ್ನ ದನಿಯಲ್ಲಿ ಮಾತ್ರ ಒಂದು ಪ್ರಶ್ನೆಗೂ ಉತ್ತರ ಹೊರಡುತ್ತಿರಲಿಲ್ಲ. ಒಂದು ದಿನ ಲ್ಯಾಬಿನಲ್ಲಿ ನಮ್ಮ ಸಸ್ಯಶಾಸ್ತ್ರದ ಮೇಡಂ ದನಿ ತೆಗೆದು, "ನೀವೆಲ್ಲಾ ಕ್ರೋಮೋಸೋಮ್ ಬರೇ ಎಣಸ್ರಿ. ಇಂವ ಅದರ ಮ್ಯಾಲಿನ ಪಟ್ಟೀನೂ ತೋರಸ್ತಾನ" ಎಂದು ನನ್ನನ್ನೇ ತೋರಿಸಿಕೊಂಡು ಘೋಷಿಸಿಬಿಟ್ಟೆ.

ಬಾಗಿಲಲ್ಲಿ ಮೇಡಂ ನಿಂತಿದ್ದರು. "ನನ್ನ ದನಿ ಛಲೋ ಮಾಡತಿ. ಈಗ ನನ್ನ ಕೆಲಸಾನೂ ಮಾಡಿ ತೋರಸು."

ಮೊಳೆತ ಗೋವಿನಜೋಳದ ಬೇರಿನ ತುದಿಯನ್ನು ಗಾಜಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ಚಪ್ಪಟೆ ಮಾಡಬೇಕು. ಅದನ್ನು ಕ್ಷಾರದಲ್ಲಿ, ಆಮೇಲೆ ಬಿಸಿ ಉಪ್ಪುನೀರಿನಲ್ಲಿ ಅದ್ದಿ, ಗೀಮ್ಸಾ ಎಂಬ ಬಣ್ಣದಲ್ಲಿಡಬೇಕು. ಎಲ್ಲ ಕೂಡಿಬಂದರೆ ಕ್ರೋಮೋಸೋಮಿನ ಕೆಲವು ಜಾಗಗಳಷ್ಟೇ ಗಾಢವಾಗುತ್ತವೆ. ಅವೇ ಪಟ್ಟಿಗಳು. ನನ್ನವೋ, ಮೂರು ಸಲವೂ ನೀಲಿಯಲ್ಲಿ ಮುಳುಗೆದ್ದ ಹುಳಗಳು! ಬೀಜವನ್ನು ಬೈದೆ, ಮೈಕ್ರೋಸ್ಕೋಪನ್ನು ಬೈದೆ, ಕೊನೆಗೆ ಹೆಬ್ಬೆರಳನ್ನೂ ಬೈದೆ.

ಬಣ್ಣದ ಸೀಸೆಯನ್ನು ಮೇಡಂ ಸ್ವತಃ ಧಾರವಾಡದಿಂದ ತಂದಿದ್ದರು. ಅದನ್ನು ಬೆಳಕಿಗೆ ಹಿಡಿದು, "ಇನ್ನೊಂದ ಸಲಕ್ಕ ಆಗೂವಷ್ಟು ಐತಿ. ಸೋಮವಾರ ಪಟ್ಟಿ ಬರಲಿಲ್ಲಂದ್ರ ನೀನೂ ಎಲ್ಲಾರಂಗ ಎಣಿಸಿ ಬರದು ಕೊಡು" ಎಂದರು. ಗೆಳೆಯರು ಆಗಲೇ ನನ್ನ ದನಿಯನ್ನು ಅಣಕಿಸತೊಡಗಿದ್ದರು. ಅದೂ ಕೆಟ್ಟದಾಗಿ.

ರವಿವಾರ ಬನಹಟ್ಟಿಯ ಮನೆಗೆ ಹೋದೆ. ಅಪ್ಪ ಸೀರೆ ನೂಲಿಗೆ ಬಣ್ಣ ಹಾಕುವವನು. ನನ್ನ ಗೋಳು ಕೇಳಿ ಒಂದೇ ಮಾತು ಕೇಳಿದ: "ನೀರು ಯಾವುದು?"

"ಕಾಲೇಜಿನ ಬೋರಿಂದು. ನೀರು ಬಟ್ಟಿ ಇಳಿಸೋ ಯಂತ್ರ ಸುಟ್ಟೈತಿ. ಕುಡಿಯಾಕ ಆಗೂ ನೀರು ಬಣ್ಣಕ್ಕ ಆಗೂದಿಲ್ಲೇನು?"

ಅಪ್ಪ ನಕ್ಕ ನಗೆಗೆ ಓಣಿಯ ನಾಯಿ ಎದ್ದು ನಿಂತಿತು. "ಲೇ ಶಾಣ್ಯಾ, ಆ ಸವಳು ನೀರಾಗ ನಾನು ಬಣ್ಣ ಹಾಕಿದ್ರ ನೇಕಾರರು ನನ್ನ ಹಂಡೇದಾಗ ಅದ್ದತಾರ! ಮೂರು ವರ್ಷ ಏನ್ ಕಲತಿ? ಬ್ಯಾಟರಿಗೆ ಹಾಕೋ ನೀರು ತೊಗೊಂಡು ಹೋಗು. ಅದರಾಗ ಉಪ್ಪು, ಸವಳು ಏನೂ ಇರಂಗಿಲ್ಲ."

ಮರುದಿನ ಬಸ್ಸಿನಲ್ಲಿ ತೊಡೆಯ ಮೇಲೆ ಕ್ಯಾನು. ಕಂಡಕ್ಟರ್ ಕೇಳಿದ, "ಯಾರ ಬ್ಯಾಟರಿ ಇಳದೈತೋ?"

"ನಂದರೀ."

ದ್ರಾವಣಗಳನ್ನೆಲ್ಲ ಹೊಸ ನೀರಿನಲ್ಲಿ ಕಲಸಿದೆ. ಸೀಸೆಯನ್ನು ಕೊನೆಯ ಹನಿಯವರೆಗೆ ಬಗ್ಗಿಸಿದೆ. ಸ್ಲೈಡ್ ತೊಳೆದು ಒಣಗಿಸಿದೆ. ಮೈಕ್ರೋಸ್ಕೋಪಿಗೆ ಕಣ್ಣಿಟ್ಟೆ. ತಿಳಿಗುಲಾಬಿ ಕಡ್ಡಿಗಳು, ಕೆಲವದರ ತುದಿಯ ಬಳಿ ಗುಂಡಿಯಂಥ ನೇರಳೆ ಪಟ್ಟಿಗಳು, ಹೊಳೆಯುವಷ್ಟು ಗಾಢ! "ಬಂದಾವ್ರೀ!" ಎಂದು ಕಿರುಚಿದೆ. ಯಾರ ದನಿಯಲ್ಲಿ ಕಿರುಚಿದೆನೋ, ಅಪ್ಪನಾಣೆ, ಇಂದಿಗೂ ಗೊತ್ತಿಲ್ಲ.

ಮೇಡಂ ಓಡಿಬಂದು ನನ್ನನ್ನು ಪಕ್ಕಕ್ಕೆ ತಳ್ಳಿ ಬಗ್ಗಿದರು. ಒಂದು ನಿಮಿಷವಾಯಿತು. ಎರಡಾಯಿತು. ಹಿಂದೆ ಗೆಳೆಯರ ಸಾಲು ಬೆಳೆಯುತ್ತಿತ್ತು.

"ಮೇಡಂ, ನಾನೂ ಇನ್ನೊಮ್ಮೆ ನೋಡ್ತೇನ್ರೀ."

ಅವರು ಕಣ್ಣು ತೆಗೆಯಲಿಲ್ಲ. "ತಡಿಯೋ, ಪಟ್ಟಿ ಎಣಸಾಕತ್ತೇನಿ!"